ಲಾಲಬಿ ಊದಿದ ಗಾಳಿ

ಅಮೀನಗಡದಿಂದ ಕಮ್ಮಾರ ಇಬ್ರಾಹಿಂಸಾಬ ಊರಿಗೆ ಹೊಳ್ಳೂದ್ರಾಗ ಸರಹೊತ್ತಾಗಿತ್ತು. ಜೋಡಿಗೆ ನಮ್ಮ ಮುತ್ಯಾ ಅಮಸಿದ್ದಪ್ಪ ಇದ್ದ. ಪ್ಲೇಗಿಗೆ ಹೆದರಿ ಮಂದಿ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ರಲ್ಲ, ಅದರ ಮರುವರ್ಷದ ಮಾತಿದು. ಬೆಳದಿಂಗಳಿಲ್ಲ. ಊರ ಹೊರಗ ಸಿಹಿನೀರ ಬಾವಿ, ಅದರ ಮ್ಯಾಲೆ ಬಾಗಿದ ಆಲದಮರ. ಅಲ್ಲಿಗೆ ಬಂದ ಕೂಡ್ಲೆ ಅಮಸಿದ್ದಪ್ಪ ಗಕ್ಕನ ನಿಂತ.

"ಇಬ್ರಾಹಿಂ... ಕೇಳ್ತದೇನು?"

ಕೇಳ್ತಿತ್ತು.

ಸೂಂ... ಟಪ್... ಭುಸ್. ಸೂಂ... ಟಪ್... ಭುಸ್.

ತಿದಿ ಸಪ್ಪಳ. ತೊಗಲು ಮ್ಯಾಲೆದ್ದು ಗಾಳಿ ಎಳಕೊಳ್ಳೂದು ಸೂಂ. ಎಳಕೊಂಡ ಗಾಳಿ ಹೊಳ್ಳಿ ಹೋಗಬಾರ್ದಂತ ಬಾಯಿ ಮುಚ್ಚೂದು ಟಪ್. ಮಣ್ಣಿನ ಕೊಳವಿಯಿಂದ ಕೆಂಡದಾಗ ನುಗ್ಗೂದು ಭುಸ್. ಎರಡು ತಿದಿ, ಒಂದು ಏಳೂದ್ರಾಗ ಇನ್ನೊಂದು ಇಳೀತಿತ್ತು. ಊರಾಗ ಕುಲುಮಿ ಇದ್ದದ್ದು ಒಂದ, ಇಬ್ರಾಹಿಂಸಾಬಂದು. ಅದಕ್ಕ ಚಿಲಕ ಹಾಕಿ ಎರಡು ತಿಂಗಳಾಗಿತ್ತು. ಅವ ಅಮೀನಗಡದಾಗ ಇನ್ನೊಬ್ಬರ ಕುಲುಮಿಗೆ ಕೂಲಿ ಹೋಗ್ತಿದ್ದ.

"ಯಾರಲೇ ನಿನ್ನ ಕುಲುಮಿ ಒಳಗ?" ಅಮಸಿದ್ದಪ್ಪ ಪಿಸುಗುಟ್ಟಿದ.

ಮೂರು ಸಲ ಉದ್ದಕ ಊದಿ, ಚೂರು ತಡದು, ಮತ್ತ ಊದೂ ಆ ಕೈ ಯಾರದಂತ ಇಬ್ರಾಹಿಂಸಾಬಗ ಗೊತ್ತಿತ್ತು. ಅದು ಅವನ ಹೆಂಡತಿ ಲಾಲಬಿ ಕೈ. ಆಕಿಗೆ ಮಣ್ಣು ಕೊಟ್ಟೂ ಎರಡು ತಿಂಗಳು.

ಇಬ್ರಾಹಿಂಸಾಬ ಮಾಡಿದ ಕೊಡ್ಲಿ ಅಂದ್ರ ಹುನಗುಂದ ತನಕ ಹೆಸರಿತ್ತು. ಮಂದಿ ಹೊಗಳಿದ್ರ ಅವ ತನ್ನ ರಟ್ಟಿ ತೋರಸ್ತಿದ್ದ. ಖರೆ ಅಂದ್ರ, ಕೆಂಡದ ಬಣ್ಣ ನೋಡಿ ಗಾಳಿ ಯಾವಾಗ ಜೋರು ಮಾಡಬೇಕು, ಯಾವಾಗ ಸಣ್ಣ ಮಾಡಬೇಕು ಅನ್ನೂದು ತಿಳಿದಿದ್ದು ಲಾಲಬಿಗೆ. ಆಕಿ "ಸಾಕ್ರಿ" ಅಂದಾಗ ಇವ ಕಬ್ಬಿಣ ಹೊರಗ ತಗೀತಿದ್ದ. ಅಷ್ಟ.

ಒಂದಿನ ಇಳಕಲ್ಲಾಗ ಕುಸ್ತಿ ಇತ್ತು. ಇವಗ ಹೋಗೂ ಗಡಿಬಿಡಿ. ಕುರಿ ಕಾಯೂ ಗುರಲಿಂಗಪ್ಪನ ಕೊಡ್ಲಿಗೆ ಉಕ್ಕಿನ ಬಾಯಿ ಹಚ್ಚಿ ಕೊಡೂದಿತ್ತು.

"ಜೋರ ಊದು."

"ಕಿಡಿ ಹಾರಾಕತ್ತಾವ್ರಿ. ಉಕ್ಕು ಸುಟ್ಟು ಪೆಡಸಾಗತೈತಿ..."

"ಊದೂದಷ್ಟ ನಿನ್ನ ಕೆಲಸ. ಊದು!"

ಊದಿದ್ಲು. ಎಂಟು ದಿನಕ್ಕ ಗುರಲಿಂಗಪ್ಪ ಜಾಲಿಗಿಡ ಕಡಿಯೂ ಮುಂದ ಕೊಡ್ಲಿ ಬಾಯಿ ಪಟ್ಟನ ಮುರದು, ಚೂರು ಸಿಡದು, ಅವನ ಬಲಗಣ್ಣು ಹೋತು. ಮಂದಿ ಕೂಡಿ ಬಂದು ಕೇಳಿದಾಗ ಇಬ್ರಾಹಿಂಸಾಬ ಏನಂದ ಗೊತ್ತೇನ್ರಿ? "ಹೆಂಗಸು ತೂಕಡಿಸ್ಕೋತ ಊದ್ಯಾಳ. ನಂದೇನು ತಪ್ಪು?"

ಲಾಲಬಿ ಬಾಗಲದ ಹಿಂದ ನಿಂತು ಕೇಳಿದ್ಲು. ಆಮ್ಯಾಲೆ ಬಾವಿಗೆ ಹೋದ್ರ ಹೆಂಗಸರು "ಕಣ್ಣ ತಿಂದಾಕಿ" ಅಂತ ಸರದು ನಿಲ್ತಿದ್ರು. ಮಳಿಗಾಲದಾಗ ಜ್ವರ ಬಂತು. ಹೋದ್ಲು.

ಇಬ್ಬರೂ ಕುಲುಮಿ ಮುಂದ ಬಂದ್ರು. ಚಿಲಕ ಹಾಕಿದ್ದು ಹಾಕಿದಂಗ ಐತಿ. ಬಾಗಲ ಸಂದಿಯಾಗ ಕೆಂಪು ಬೆಳಕು.

"ಹೋಗಬ್ಯಾಡೋ..."

ಇಬ್ರಾಹಿಂಸಾಬ ಚಿಲಕ ತಗದ. ಒಳಗ ಯಾರೂ ಇಲ್ಲ. ಇದ್ದಲಿ ನಿಗಿನಿಗಿ ಉರೀತಾವ. ಎರಡೂ ತಿದಿ ತಮ್ಮಷ್ಟಕ್ಕ ಏಳತಾವ, ಇಳೀತಾವ. ಅವ ಕೆಂಡದ ಮುಂದ ಕುಂತ.

"ಲಾಲಬಿ..."

ತಿದಿ ನಿಂತ್ವು.

"ನಾ ಸುಳ್ಳ ಹೇಳಿದೆ. ಮಂದಿ ಮುಂದ ನಿನ್ನ ಹೆಸರಿಗೆ ಮಸಿ ಬಳದೆ."

ಸೂಂ... ಭುಸ್. ಸಣ್ಣಗ. ಊದಿಯೂ ಊದದಂಗ.

"ನಾಳೆ ಹೇಳ್ತೇನಿ. ಎಲ್ಲಾರ ಮುಂದ."

ಟಪ್! ಭುಸ್! ಭುಸ್! ಕಿಡಿ ಮಾಳಗಿ ತನಕ ಹಾರಿದ್ವು. ಗಡ್ಡದ ಕೂದಲಾ ಸುಟ್ಟ ನಾತ ಬಂತು. ಇಬ್ರಾಹಿಂಸಾಬ ಮಾರಿ ಕೆಳಗ ಹಾಕಿದ. ಆಕಿ ಬದುಕಿದ್ದಾಗೂ ದಿನಾ ರಾತ್ರಿ ಅವ ನಾಳೆ, ನಾಳೆ ಅಂತನ ಮಲಗಿದ್ದ.

"ಈಗ... ಈಗಿಂದೀಗ ಹೋಗ್ತೇನಿ."

ಗಾಳಿ ಇಳೀತು. ಕೆಂಡ ಕಪ್ಪಾದ್ವು.

ಅದ ಕತ್ತಲದಾಗ ಹೋಗಿ ಗುರಲಿಂಗಪ್ಪನ ಬಾಗಲ ಬಡದ. ಒಕ್ಕಣ್ಣಿನ ಗುರಲಿಂಗಪ್ಪ ಕಂದೀಲ ಹಿಡದು ಬಂದ. ಹಿಂದ ಅವನ ಹೆಂಡತಿ ಸತ್ಯವ್ವ.

"ಆಕಿ ಬ್ಯಾಡ ಅಂದಿದ್ಲು, ಗುರಲಿಂಗಪ್ಪ. ನಾನ ಊದಿಸಿದೆ. ಕುಸ್ತಿ ನೋಡಾಕ ಹೋಗೂ ಗಡಿಬಿಡಿಗೆ."

ಗುರಲಿಂಗಪ್ಪ ಕಂದೀಲ ಹೊಸ್ತಿಲ ಮ್ಯಾಲೆ ಇಟ್ಟ. ಸತ್ಯವ್ವ ಸೆರಗಿಲೆ ಮಾರಿ ಮುಚ್ಚಿಕೊಂಡ್ಲು. "ಬಾವಿ ಮ್ಯಾಲೆ ಆಕಿ ಕೊಡಾ ಉರುಳಿಸಿದಾಕಿ ನಾ... ನಾ ಇನ್ನ ಯಾರ ಮನಿ ಬಾಗಲ ಬಡೀಲೋ?"



ಬೆಳಗಾದ ಮ್ಯಾಲೆ ಇಬ್ರಾಹಿಂಸಾಬ ಚಾವಡಿಯಾಗೂ ಹೇಳಿದ. ಯಾರೂ ಬೈಲಿಲ್ಲ. ಯಾರೂ ಶಾಭಾಸ್ ಅನಲಿಲ್ಲ. ಒಬ್ಬೊಬ್ಬರ ಎದ್ದು ಹೋದ್ರು. ಮುಂದ ಕುಲುಮಿ ಹಚ್ಚಿದ ಖರೆ, ಆದ್ರ ಊರಾಗ ತಲಿ ಎತ್ತಿ ಅಡ್ಡಾಡಲಿಲ್ಲ.

ಅವತ್ತ ಮುಂಜಾನೆ ನಮ್ಮ ಮುತ್ಯಾ ಕುಲುಮಿಗೆ ಹೋಗಿ ತಿದಿ ಮುಟ್ಟಿ ನೋಡಿದ. ಲಾಲಬಿ ಹೋದ ಮ್ಯಾಲೆ ಎರಡು ತಿಂಗಳು ಎಣ್ಣಿ ಕಾಣದ ತೊಗಲು ಸೆಟದು ಬಿರಕ ಬಿಟ್ಟಿರಬೇಕಲ್ಲ? ಮೆತ್ತಗಿತ್ತು. ಅಂಗೈಗೆ ಕುಸಬಿ ಎಣ್ಣಿ ಹತ್ತಿತು, ಆಗ ಹಚ್ಚಿದಂಗ. ಇಬ್ರಾಹಿಂಸಾಬನ ಮನ್ಯಾಗ ನೋಡಿದ್ರ ಎಣ್ಣಿ ಗಡಿಗಿ ಬೋರಲು ಬಿದ್ದಿತ್ತು, ಒಳಗ ಜೇಡ ಬಲಿ ಕಟ್ಟಿತ್ತು.

ನಂಬ್ರಿ, ಬಿಡ್ರಿ. ಮುತ್ಯಾ ಆ ಎಣ್ಣಿಗೈ ತನ್ನ ಧೋತರಕ್ಕ ಒರಸಿದ್ದ. ಸೀಗಿಕಾಯಿ ಹಾಕಿ ತಿಕ್ಕಿದ್ರೂ ಹೋಗದ ಆ ಕಲಿ ನಮ್ಮವ್ವ ಸಣ್ಣಾಕಿದ್ದಾಗ ಕಣ್ಣಾರೆ ನೋಡ್ಯಾಳ.