ಸೂಚಿಯ ಚೌಕದ ಕೆಳಗಿನ ಊರು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನಗೇ ನನ್ನ ಗುರುತು ಸಿಗದಷ್ಟು ಹೊಗಳಿದ ಅತಿಥಿಗಳೇ, ಮೂವತ್ತನಾಲ್ಕು ವರ್ಷ ನನ್ನ ಸಿಡುಕು ಸಹಿಸಿಕೊಂಡ ನಕ್ಷೆ ಕಚೇರಿಯ ಬಂಧುಗಳೇ, ಚಹಾ ಯಾವಾಗ ಬಂದೀತೆಂದು ಕಾಯುತ್ತಿರುವ ಸಭಿಕರೇ,

ನನ್ನ ಬೀಳ್ಕೊಡುಗೆ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು. ಅಧ್ಯಕ್ಷರು ಐದು ಸಲ ಗಡಿಯಾರ ನೋಡಿಕೊಂಡರು. ತಡ ಮಾಡಿಸಿದವಳು ನಾನೇ. ಕ್ಷಮೆ ಕೇಳುವುದಿಲ್ಲ. ಕಾರಣ ಕೊನೆಗೆ ಹೇಳುತ್ತೇನೆ.

ನೆನಪಿನ ಕಾಣಿಕೆಯೆಂದು ಗಾಜು ಹಾಕಿಸಿದ ಈ ನಕ್ಷೆ ಕೊಟ್ಟಿದ್ದೀರಿ. ನಮ್ಮ ಪ್ರಾಂತ್ಯದ ನಕ್ಷೆ. ಎಲ್ಲ ಶಾಲೆ, ಎಲ್ಲ ಕಚೇರಿಗಳ ಗೋಡೆಯ ಮೇಲೂ ಇದೇ ಇದೆ. ಬರೆದವಳು ನಾನು, ಕೆಲಸಕ್ಕೆ ಸೇರಿದ ಎರಡನೇ ವರ್ಷ. ನೋಡಿ, ರಾಜಧಾನಿ ಹಾಳೆಯ ನಟ್ಟನಡುವೆ ಇದೆ. ಎಷ್ಟು ಚಂದ! ಆದರೆ ಈ ಕಿಟಕಿ ತೆರೆದರೆ ಸಮುದ್ರದ ಗಾಳಿ ಮುಖಕ್ಕೆ ಹೊಡೆಯುತ್ತದೆ. ದಡದಲ್ಲಿರುವ ಊರು ನಾಡಿನ ನಡುವೆ ಇರುವುದಾದರೂ ಹೇಗೆ?

ಆಗಿನ ನಿರ್ದೇಶಕರು ನನ್ನ ಮೇಜಿನ ಬಳಿ ಬಂದು, "ರಾಜಧಾನಿ ಮೂಲೇಲಿದ್ರೆ ನೋಡೋರಿಗೆ ಏನನ್ಸುತ್ತಮ್ಮಾ? ಎಡಗಡೆ ಸಮುದ್ರ ಇನ್ನೊಂದು ಗೇಣು ಎಳೀರಿ" ಅಂದರು. ಎಳೆದೆ. ಆಮೇಲೆ ಸೂಚಿಯ ಚೌಕಕ್ಕೆ ಜಾಗವಿಲ್ಲ. ಅದೇ, ಗೆರೆ ಅಂದರೆ ರೈಲು, ಚುಕ್ಕೆ ಅಂದರೆ ಊರು ಎಂದು ಹೇಳುವ ಚೌಕ.

"ಸಮುದ್ರದಲ್ಲಿ ಹಾಕ್ಲಾ ಸಾರ್?"

"ಅಯ್ಯೋ ಬೇಡ, ನೀಲಿ ಎಷ್ಟು ಚೆನ್ನಾಗಿ ಬಂದಿದೆ! ಪೂರ್ವದ ಕಡೆ ಹಾಕಿ. ಅಲ್ಲೇನಿದೆ ತೋರ್ಸೋಕೆ?"

ಅಲ್ಲಿ ನನ್ನ ಊರಿತ್ತು, ಸ್ವಾಮಿ! ಚುಕ್ಕೆ ಅಂದರೆ ಊರು ಎಂದು ಹೇಳುವ ಚೌಕವೇ ಮೂರು ಜಿಲ್ಲೆಗಳ ಚುಕ್ಕೆಗಳನ್ನು ನುಂಗಿಬಿಟ್ಟಿತು. ಹೊಸ ಕೆಲಸ, ಬಾಯಿಗೆ ಬೀಗ. ಚೌಕ ಬರೆದು ಕೆಳಗೆ ನನ್ನ ಸಹಿ ಹಾಕಿದೆ.

ನನಗೊಬ್ಬಳು ತಂಗಿ. ಓದಿನಲ್ಲಿ ನನಗಿಂತ ಒಂದು ಕೈ ಮೇಲು. ಶಿಕ್ಷಕಿಯಾಗಬೇಕೆಂಬ ಒಂದೇ ಹಟ. ಪರೀಕ್ಷೆ ನಡೆಯುವುದು ರಾಜಧಾನಿಯಲ್ಲಿ ಮಾತ್ರ. ಊರಿನಿಂದ ಬಸ್ಸಿನಲ್ಲಿ ಹದಿಮೂರು ಗಂಟೆ. ಹಿಂದಿನ ದಿನವೇ ಬರಬಾರದಿತ್ತೇ ಎಂದು ಕೇಳುತ್ತೀರಿ. ಅಮ್ಮ ಹಾಸಿಗೆ ಹಿಡಿದಿದ್ದರು, ನೋಡಿಕೊಳ್ಳುವವಳು ಇವಳೊಬ್ಬಳೇ. ನಾನು ಇಲ್ಲಿ ಸಮುದ್ರಕ್ಕೆ ಬಣ್ಣ ಬಳಿಯುತ್ತಿದ್ದೆನಲ್ಲ! ಮೊದಲ ವರ್ಷ ಬಸ್ಸು ಕೆಟ್ಟಿತು. ಮರುವರ್ಷ ಇಪ್ಪತ್ತು ನಿಮಿಷ ತಡವಾಯಿತು, ಗೇಟು ಹಾಕಿತ್ತು. ನಾನೂ ಅಲ್ಲೇ ಇದ್ದೆ. ಕಾವಲುಗಾರನಿಗೆ ಒಂದು ಮಾತೂ ಹೇಳಲಿಲ್ಲ.

ನಮ್ಮ ಕಡೆಗೂ ಒಂದು ಪರೀಕ್ಷಾ ಕೇಂದ್ರ ಕೊಡಿ ಎಂದು ಅವಳು ಅರ್ಜಿ ಬರೆದಳು. ಉತ್ತರ ಬಂತು: "ಲಗತ್ತಿಸಿದ ನಕ್ಷೆಯಂತೆ ರಾಜಧಾನಿಯು ಪ್ರಾಂತ್ಯದ ಮಧ್ಯದಲ್ಲಿದ್ದು, ಸರ್ವರಿಗೂ ಸಮಾನ ದೂರದಲ್ಲಿದೆ." ರಜೆಗೆ ಊರಿಗೆ ಹೋದಾಗ ಆ ನಕ್ಷೆಯನ್ನು ನನ್ನ ಮುಂದೆ ಹರಡಿ, ಮೂಲೆಯಲ್ಲಿ ಬೆರಳಿಟ್ಟಳು.

"ಅಕ್ಕಾ, ಇದು ನಿನ್ನ ಸಹಿ ಅಲ್ವಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಬೈಯಲಿಲ್ಲ. "ನಾನು ದಡ್ಡಿ ಅಲ್ಲ ಕಣೇ, ದೂರದವಳು ಅಷ್ಟೇ" ಅಂದಳು. ವಯಸ್ಸಿನ ಮಿತಿ ದಾಟಿತು. ಹೊಲಿಗೆ ಯಂತ್ರದ ಮುಂದೆ ಕೂತಳು.

ಅವಳ ಅಡುಗೆಮನೆಯಲ್ಲೇ ನಾವಿಬ್ಬರೂ ಒಂದು ಲೆಕ್ಕ ಮಾಡಿದೆವು. ರಟ್ಟಿನಲ್ಲಿ ಪ್ರಾಂತ್ಯವನ್ನು ಕತ್ತರಿಸಿ, ಹತ್ತು ಸಾವಿರ ಜನಕ್ಕೊಂದು ಕಾಳಿನಂತೆ ಆಯಾ ಊರಿನ ಮೇಲೆ ಅಂಟಿಸಿದೆವು. ಅವಳು ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿಯನ್ನು ಮೇಜಿನ ಮೇಲಿಟ್ಟು, ರಟ್ಟನ್ನು ಅದರ ಮೇಲೆ ನಿಲ್ಲಿಸಲು ನೋಡಿದೆವು. ರಾಜಧಾನಿಯ ಕೆಳಗಿಟ್ಟರೆ ಧೊಪ್ಪನೆ ಪೂರ್ವಕ್ಕೆ ಬಿತ್ತು. ಸರಿಸುತ್ತಾ ಸರಿಸುತ್ತಾ ಹೋದೆವು. ಕೊನೆಗೆ ನಿಂತದ್ದೆಲ್ಲಿ ಗೊತ್ತೇ? ನನ್ನ ಚೌಕದ ಕೆಳಗೆ! ಅಲ್ಲೇನಿದೆ ಎಂದು ಅಂದು ನಿರ್ದೇಶಕರು ಕೇಳಿದರಲ್ಲ, ಜನ ಇದ್ದಾರೆ!

ರಾಜಧಾನಿಯನ್ನು ಎತ್ತಿಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಮೂಲೆಯಲ್ಲಿದೆ ಎಂದು ಒಪ್ಪಿಕೊಳ್ಳಿ. ಮುಂದಿನ ವಾರ ಪೂರ್ವಕ್ಕೊಂದು ಪರೀಕ್ಷಾ ಕೇಂದ್ರ ಬೇಕೇ ಬೇಡವೇ ಎಂದು ಪರೀಕ್ಷಾ ಮಂಡಳಿ ತೀರ್ಮಾನಿಸುವುದು ನಮ್ಮ ಕಚೇರಿ ಈಗ ಹೊಸದಾಗಿ ಅಚ್ಚು ಹಾಕಿಸುವ ನಕ್ಷೆಯನ್ನು ನೋಡಿಯೇ. ಚೌಕ ಸರಿಸೋಣವೇ ಎಂದು ಬೆಳಿಗ್ಗೆ ಅಧ್ಯಕ್ಷರನ್ನು, ಅಂದರೆ ನಮ್ಮ ಈಗಿನ ನಿರ್ದೇಶಕರನ್ನು, ಕೇಳಿದೆ. "ನಾಳೆ ನೋಡೋಣಮ್ಮ" ಅಂದರು. ನಾಳೆ ನಾನಿರುವುದಿಲ್ಲ ಎಂದು ಅವರಿಗೂ ಗೊತ್ತು. ಆದರೆ ಇಂದು ಸಂಜೆ ಐದರವರೆಗೆ ಈ ಕಚೇರಿಯ ಮುಖ್ಯ ನಕ್ಷೆಗಾರ್ತಿ ನಾನೇ. ಚೌಕವನ್ನು ಎತ್ತಿ ಸಮುದ್ರಕ್ಕೆ ಹಾಕಿದ್ದೇನೆ. ಸಹಿಯನ್ನೂ ಹಾಕಿದ್ದೇನೆ. ಮಧ್ಯಾಹ್ನವೇ ಅಚ್ಚಾಗಿ ಮಂಡಳಿಗೂ ಹೋಗಿದೆ. ಅಧ್ಯಕ್ಷರೇ, ನೀಲಿ ಸ್ವಲ್ಪ ಕೆಟ್ಟಿದೆ. ಏನು ಕ್ರಮ ಕೈಗೊಳ್ಳುತ್ತೀರೋ ಕೈಗೊಳ್ಳಿ. ಈ ಕಾಣಿಕೆ ನನಗೆ ಬೇಡ, ಇಲ್ಲೇ ಬಿಟ್ಟು ಹೋಗುತ್ತೇನೆ.

ಇನ್ನು ಆ ಇಪ್ಪತ್ತು ನಿಮಿಷದ ಮಾತು. ಕೊನೆಯ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವವಳೇ ನನ್ನ ತಂಗಿ. ಇವತ್ತೂ ಬಸ್ಸು ತಡ. ಮೂರು ಗಂಟೆಗೆ ಸರಿಯಾಗಿ ಜವಾನರು ಬಾಗಿಲು ಹಾಕಲು ಬಂದರು. ನಾನು ಹೊಸ್ತಿಲಲ್ಲಿ ಅಡ್ಡ ನಿಂತೆ. ಅಂದೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಏಳೇ, ಮುಂದಿನ ಸಾಲಿಗೆ ಬಾ. ದಾರಿ ಬಿಡಿ, ಸಭಿಕರೇ, ಅವಳು ಬಹಳ ದೂರದಿಂದ ಬಂದಿದ್ದಾಳೆ. ನಿಧಾನವಾಗಿ ಬಾ, ಅವಸರವಿಲ್ಲ. ನೀನು ಬಂದು ಕೂರುವವರೆಗೆ ನಾನು ಮುಗಿಸುವುದಿಲ್ಲ.

ಕೂತೆಯಾ?

ಹಾಗಾದರೆ ಎಲ್ಲರಿಗೂ ವಂದನೆಗಳು, ನಮಸ್ಕಾರ.