ಒಂದೇ ಕಾಲಿನ ಬಾವು

ಒಂದೂರಲ್ಲಿ ಸಿರಿವಂತರ ಮನೆಯೊಂದಿತ್ತು. ಆ ಮನೆಯ ಯಜಮಾನಿ ಬಾಳವ್ವ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಸೊಸೆ ಸುವರ್ಣಾ ಬಸುರಾದಳು. ಅತ್ತೆಯ ಸಂತೋಷ ಕೇಳಬೇಕೇ? "ನೀ ಮಂಚ ಬಿಟ್ಟು ಇಳಿಬ್ಯಾಡವ್ವ. ಏನ್ ಬೇಕು ನನಗ ಹೇಳು," ಎಂದಳು. ಊಟ ಮಂಚಕ್ಕೆ, ನೀರು ಮಂಚಕ್ಕೆ. ವೈದ್ಯರು ಮಲಗಿರು ಅಂದಿದ್ದರೇ? ಇಲ್ಲ. ಅಂದದ್ದು ಅತ್ತೆಯ ಪ್ರೀತಿ.

ಏಳನೆಯ ತಿಂಗಳಲ್ಲಿ ಸುವರ್ಣಾಳ ಎಡಗಾಲು ಬಾತುಕೊಂಡಿತು. "ಬಸುರಾಗ ಕಾಲು ಬಾಯೋದು ಇದ್ದದ್ದ," ಎಂದು ಬಾಳವ್ವ ಎಣ್ಣೆ ಕಾಯಿಸಿ ತಂದಳು. ಎಡಗಾಲ ಮೀನಖಂಡ ಮುಟ್ಟಿದೊಡನೆ ಸೊಸೆ ಹಲ್ಲು ಕಚ್ಚಿದಳು. ಅತ್ತೆ ಬಲಗಾಲು ಮುಟ್ಟಿ ನೋಡಿದಳು. ಅದು ತಣ್ಣಗಿತ್ತು. ಎಡಗಾಲು ಸುಡುತ್ತಿತ್ತು, ಕೆಂಪಗಾಗಿತ್ತು. ಬಸುರಿನ ಬಾವಾದರೆ ಎರಡೂ ಕಾಲಿಗೆ ಬರಬೇಕಲ್ಲ ಎಂದು ಆಕೆಯ ಕೈ ಅಲ್ಲೇ ನಿಂತಿತು.

"ಯಾವಾಗಿಂದ ಹಿಂಗೈತಿ?"

"ಅಮಾಸಿ ದಿನದಿಂದ್ರಿ ಅತ್ತಿ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಇಷ್ಟು ಜ್ವಾಕಿ ಮಾಡಾಕತ್ತೀರಿ. ಕಾಲು ನೋಯತೈತಿ ಅಂತ ಹೆಂಗ ಹೇಳ್ಲಿ?"

ನೋಡಿ, ಒಬ್ಬಳು ಪ್ರೀತಿಯಿಂದ ಕಟ್ಟಿಹಾಕಿದಳು, ಇನ್ನೊಬ್ಬಳು ಸಂಕೋಚದಿಂದ ಬಾಯಿ ಕಟ್ಟಿಕೊಂಡಳು.

ಬಾಳವ್ವ ಕಾಲು ತಿಕ್ಕಲಿಲ್ಲ. ಆಗಿಂದಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮ, "ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟೈತ್ರಿ. ಆ ಗಡ್ಡಿ ಶ್ವಾಸಕೋಶಕ್ಕ ಹೋಗಿದ್ರ ಜೀವಕ್ಕ ಅಪಾಯ ಇತ್ತು. ತಿಕ್ಕಲಿಲ್ಲ, ಚಲೋ ಮಾಡಿದ್ರಿ," ಎಂದರು.

"ನನ್ನ ಜ್ವಾಕಿನ ಆಕಿಗೆ ಮುಳುವಾತೇನ್ರಿ?"

"ಬಸುರಾದಾಗ ರಕ್ತ ಹೆಪ್ಪುಗಟ್ಟೋ ಗುಣ ಹೆಚ್ಚಾಗತೈತಿ. ಅದರ ಮ್ಯಾಲೆ ಮಲಗೇ ಇದ್ರ ಇನ್ನೂ ಹೆಚ್ಚು. ಈಗ ಔಷಧ ಐತಿ, ಅಂಜಬ್ಯಾಡ್ರಿ."

ಅಂದಿನಿಂದ ದಿನಾ ಇಂಜೆಕ್ಷನ್. ಬಾವು ಇಳಿಯಿತು. ವೈದ್ಯರು ಹೇಳಿದ ಮೇಲೆ ಅತ್ತೆ ಸೊಸೆಯ ಕೈಹಿಡಿದು ಅಂಗಳದಲ್ಲಿ ನಿಧಾನವಾಗಿ ನಡೆಸಿದಳು. ಹೆಣ್ಣು ಮಗು ಹುಟ್ಟಿತು. ಹೆರಿಗೆಯಾಯಿತೆಂದು ಔಷಧ ಬಿಡಲಿಲ್ಲ. ಬಾಣಂತನದಲ್ಲೂ ಈ ಅಪಾಯ ಇರುತ್ತದೆಂದು ವೈದ್ಯರು ಹೇಳಿದ್ದರು.

ತಾಯಂದಿರೇ, ಪ್ರೀತಿ ತಪ್ಪೇ? ಅಲ್ಲ. ಕೇಳದ ಪ್ರೀತಿ ಸಾಲದು. ನಿಮ್ಮ ಮನೆಯ ಬಸುರಿಯನ್ನು, ಬಾಣಂತಿಯನ್ನು ದಿನಾ ಕೇಳಿ: ಕಾಲು ನೋಯುತ್ತದೆಯೇ, ಉಸಿರು ಸರಾಗವೇ? ವೈದ್ಯರು ಬೇಡವೆನ್ನದಿದ್ದರೆ ನಡೆಯಲು ಬಿಡಿ, ನೀರು ಕುಡಿಸಿ. ಒಂದೇ ಕಾಲು ಬಾತರೆ, ಎದೆ ನೋವಾದರೆ, ಉಸಿರು ಕಟ್ಟಿದರೆ ಎಣ್ಣೆ ಹುಡುಕಬೇಡಿ, ಗಾಡಿ ಹುಡುಕಿ. ಮಗಳೇ, ನೀನೂ ಅಷ್ಟೇ. ನೋವಾದರೆ ಬಾಯಿಬಿಟ್ಟು ಹೇಳು. ಅತ್ತೆ ನೊಂದುಕೊಂಡರೆ ಸಮಾಧಾನ ಹೇಳಬಹುದು. ನೀನೇ ಇಲ್ಲವಾದರೆ ಆಕೆಗೆ ಯಾರು ಸಮಾಧಾನ ಹೇಳಬೇಕು?