ಜಾಬಲ್, ಜಾಪಲ್

ಫ್ರೇಸರ್‌ಬರ್ಗಿನ ಆಸ್ಪತ್ರೆಯೆದುರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ, ಒಳಗೆ ಮಲಗಿದ್ದ ಮೀನುಗಾರ ವಾಟಿಯ ಹೆಂಡತಿ ನೆಟ್ಟಾ, ಅಬರ್ಡೀನಿನಲ್ಲಿ ಓದುವ ಅವಳ ಅಣ್ಣನ ಮಗಳು ಮೋರ್ವೆನ್.

"ಮಾವನ್ನ ಏನೇ ಕೇಳಿದೆ?" ನೆಟ್ಟಾ ಕೇಳಿದಳು.

"ನಮ್ಮ ಸ್ಕಾಟ್ಸ್ ಮಾತನ್ನ ಹಿಂದಿನವರು ಒಬ್ಬೊಬ್ರು ಒಂದೊಂದು ಥರ ಬರೆದಿದಾರಲ್ಲ ಅತ್ತೆ, ಯಾವ ಪದ ಯಾವುದರ ರೂಪ ಅಂತ ನನ್ನ ಓದಿನ ಕೆಲಸದಲ್ಲಿ ಕಂಪ್ಯೂಟರ್ ಜೋಡಿಸುತ್ತೆ. ಜಾಬಲ್ ಅಂದ್ರೆ ಅಲೆ ಕದಡೋದು. ಜಾಪಲ್ ಅನ್ನೋದೂ ಅದೇ ಪದ ಅಂತು ಕಂಪ್ಯೂಟರ್. ಬೇರೆ ಅಂತ ಮಾವ ಫೋನಲ್ಲಿ ಹೇಳಿದ್ರು."

"ಹೇಗೆ ಬೇರೆಯಂತೆ?"

"ಬಾ, ಕೂತು ಹೇಳ್ತೀನಿ ಅಂದಿದ್ರು. ಅಷ್ಟರಲ್ಲಿ ಲಕ್ವ ಹೊಡೀತು."

"ಈಗ ನನ್ನ ಹೆಸರೇ ಅವರ ಬಾಯಲ್ಲಿ ಹೊರಡಲ್ಲ ಕಣೇ."

"ಆ ಎರಡು ಪದ ಹೇಗೆ ಬೇರೆ ಅಂತ ಈಗ್ಲೂ ಗೊತ್ತಿದೆ ಅವರಿಗೆ. ಇವತ್ತು ಹೇಳೋಕೆ ಹೋಗಿ, ಆಗದೆ ಅತ್ತುಬಿಟ್ರು."

"ದೋಣಿಯ ಜೊತೆಗಾರರನ್ನ ಕೇಳೋಣ ಅಂದ್ರೆ, ಎಲ್ಲರನ್ನೂ ಮಣ್ಣು ಮಾಡಿ ಆಯ್ತು."

"ನಿಮಗೇನಾದ್ರೂ ನೆನಪಿದೆಯಾ?"

"ನಾನು ದಡದಲ್ಲಿ ಮೀನು ಕೊಯ್ದವಳು. ದೋಣಿಯ ಮಾತನ್ನ ಅವರು ಮನೆಗೆ ತರ್ತಿರ್ಲಿಲ್ಲ."

"ಹಾಗಾದ್ರೆ ಕಂಪ್ಯೂಟರ್ ಅಂದ ಹಾಗೆ ಎರಡೂ ಒಂದೇ ಅಂತ ಬಿಡಬೇಕು. ಹೇಳೋರು ಯಾರೂ ಇಲ್ಲ."

ನೆಟ್ಟಾ ಬಸ್ಸು ಬರುವ ದಿಕ್ಕಿಗೆ ತಿರುಗಿದಳು.

"ಬಿಟ್ಬಿಡು. ಆದ್ರೆ ಅವರೆದುರು ಮಾತ್ರ ಬೇರೆ ಅಂತಾನೇ ಅನ್ನು."

ಅವರ ಬಸ್ಸು ಬಂತು. ಅತ್ತೆಯ ತೋಳು ಹಿಡಿದು ಮೋರ್ವೆನ್ ಹತ್ತಿಸಿದಳು. ಇಬ್ಬರೂ ಆಸ್ಪತ್ರೆಯ ಕಡೆ ನೋಡಲಿಲ್ಲ.